ಮೊನೆಯ ತೂಕ: ಬೇಟೆಯ ಬಾಣಕ್ಕೆ ಎಷ್ಟು ಭಾರ ಬೇಕು, ಕಂಡುಕೊಳ್ಳುವುದು ಹೇಗೆ?

ಮೊದಲು ನಾನು ಮಾಡಿಕೊಂಡ ಎಡವಟ್ಟನ್ನು ಹೇಳಿಬಿಡುತ್ತೇನೆ. ಎಳೆಯಲು 45 ಪೌಂಡ್ ಬಲ ಕೇಳುವ ರಿಕರ್ವ್ (ತುದಿ ಮುಂದಕ್ಕೆ ಬಾಗಿದ) ಬಿಲ್ಲು ಕೊಂಡ ಹೊಸತು. ಜೊತೆಗೆ 500 ಸ್ಪೈನಿನ (ಸ್ಪೈನ್ ಎಂದರೆ ಕೋಲಿನ ಗಡಸುತನದ ಅಂಕಿ) ಅರ್ಧ ಡಜನ್ ಕಾರ್ಬನ್ ಬಾಣ. ಮೊನೆ ಭಾರವಿದ್ದಷ್ಟೂ ಬಾಣ ಆಳಕ್ಕೆ ಇಳಿಯುತ್ತದೆ ಅನ್ನುವ ಮಾತು ಕಿವಿಗೆ ಬಿದ್ದಿತ್ತು. 125 ಗ್ರೇನಿನ (8 ಗ್ರಾಮಿನಷ್ಟು) ಮೊನೆ ಬಿಚ್ಚಿ, ಅದರ ಜಾಗಕ್ಕೆ 250 ಗ್ರೇನಿನದನ್ನು ತಿರುಪಿದೆ. ಹನ್ನೆರಡು ಗಜದಿಂದ ಬಿಟ್ಟರೆ ಬಾಣ ಬಿಲ್ಲಿಗೆ ಟಕ್ಕೆಂದು ತಾಗಿ, ಬಾಲ ಆಡಿಸುತ್ತಾ ಹೋಗಿ, ಫೋಮ್ ಜಿಂಕೆಗೆ ಓರೆಯಾಗಿ ಬಡಿಯಿತು. ಹಳೇ ಹಗುರ ಮೊನೆಯ ಬಾಣ ಅದಕ್ಕಿಂತ ನಾಲ್ಕು ಬೆರಳು ಹೆಚ್ಚು ಒಳಗೆ ಹೋಗಿತ್ತು. ಎರಡು ಪಟ್ಟು ಭಾರ ಹಾಕಿ ಆಳ ಕಳೆದುಕೊಂಡಿದ್ದೆ.

ಮೊಳೆ ಹೊಡೆಯುವವರಿಗೆ ಇದು ಗೊತ್ತು. ಸುತ್ತಿಗೆ ಎಷ್ಟೇ ದೊಡ್ಡದಿರಲಿ, ಏಟು ಓರೆ ಬಿದ್ದರೆ ಮೊಳೆ ಬಗ್ಗುತ್ತದೆ, ಮರದೊಳಗೆ ಇಳಿಯುವುದಿಲ್ಲ. ಮೊನೆಯ ತೂಕ ಮೊದಲು ಬಾಣದ ಹಾರಾಟವನ್ನು ಬದಲಿಸುತ್ತದೆ, ಆಳದ ಪ್ರಶ್ನೆ ಬರುವುದು ಆಮೇಲೆ. ಈ ಕ್ರಮ ತಪ್ಪಿದರೆ ದುಡ್ಡೂ ಹೋಯಿತು, ಬಾಣವೂ ಹೋಯಿತು.

ಇದನ್ನು ಬರೆಯುತ್ತಿರುವುದು ಅಮೆರಿಕದಲ್ಲಿ ಪರವಾನಗಿ ಪಡೆದು ಬಿಳಿಬಾಲದ ಜಿಂಕೆ ಬೇಟೆಗೆ ಹೋಗುವ, ರಿಕರ್ವ್ ಅಥವಾ ಲಾಂಗ್‌ಬೋ (ಉದ್ದನೆಯ ಸಾದಾ ಬಿಲ್ಲು) ಹಿಡಿಯುವ ಕನ್ನಡಿಗರಿಗಾಗಿ. ನಾನಿರುವ ಮಿಶಿಗನ್‌ನಲ್ಲಿ ಬಿಲ್ಲು ಬೇಟೆ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ಊರಲ್ಲಿರುವವರು ದಯವಿಟ್ಟು ಗಮನಿಸಿ: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಬ್ರಿಟನ್ನಿನಲ್ಲಿ ಬಂದೂಕಿನ ಬೇಟೆ ಉಂಟು, ಬಿಲ್ಲಿನದು ಇಲ್ಲ. ಅಲ್ಲಿರುವವರು ಇಲ್ಲಿನ ಲೆಕ್ಕವನ್ನು ಫೋಮ್ ಪ್ರಾಣಿಗಳಿಗೆ ಗುರಿಯಿಡುವ ತ್ರೀಡಿ ಆಟಕ್ಕೆ ಹಾಗೇ ಬಳಸಿಕೊಳ್ಳಬಹುದು.

ಹೆಜ್ಜೆ 1: ಗ್ರೇನ್ ಲೆಕ್ಕ ಕೈಗೆ ಹತ್ತಿಸಿಕೊಳ್ಳಿ

ಬಾಣದ ಲೋಕದಲ್ಲಿ ತೂಕವೆಲ್ಲ ಗ್ರೇನಿನಲ್ಲಿ. ಒಂದು ಗ್ರಾಮಿಗೆ 15.43 ಗ್ರೇನ್, ಒಂದು ಪೌಂಡಿಗೆ 7,000. ನಮ್ಮವರಿಗೆ ಸುಲಭದ ಅಂದಾಜು ಚಿನ್ನದಂಗಡಿಯಲ್ಲೇ ಇದೆ. 125 ಗ್ರೇನಿನ ಮೊನೆ 8.1 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಪವನು. 250 ಗ್ರೇನ್ ಎಂದರೆ ಎರಡು ಪವನು. ಹಳೇ ತೊಲ ಸರಿಯಾಗಿ 180 ಗ್ರೇನ್, ಹಾಗಾಗಿ 175ರ ಮೊನೆಯನ್ನು ಒಂದು ತೊಲ ಅಂದುಕೊಳ್ಳಿ. ಅಜ್ಜಿ ಅಂಗೈಯಲ್ಲೇ ಬಂಗಾರ ತೂಗುತ್ತಿದ್ದಂತೆ, ಒಂದೆರಡು ತಿಂಗಳಲ್ಲಿ ನಿಮಗೂ 125 ಯಾವುದು, 175 ಯಾವುದು ಎಂದು ಬೆರಳಿಗೇ ತಿಳಿಯುತ್ತದೆ.

ಆದರೂ ಒಂದು ಸಣ್ಣ ಡಿಜಿಟಲ್ ಗ್ರೇನ್ ತಕ್ಕಡಿ ತಗೊಳ್ಳಿ. ಪೊಟ್ಟಣದ ಮೇಲೆ 150 ಎಂದು ಬರೆದದ್ದು 146 ಇರಬಹುದು, 155 ಇರಬಹುದು. ತಕ್ಕಡಿ ಸರಿಯಿದೆಯೇ ಎಂದು ನೋಡಲು ಅಮೆರಿಕದ ಐದು ಸೆಂಟಿನ ನಿಕ್ಕಲ್ ನಾಣ್ಯ ಇಡಿ. ಅದು 5 ಗ್ರಾಂ, 77 ಗ್ರೇನ್ ತೋರಿಸಬೇಕು.

ಹೆಜ್ಜೆ 2: ಬಿಲ್ಲಿನ ನಿಜವಾದ ಎಳೆತ ಅಳೆಯಿರಿ

ಬಿಲ್ಲಿನ ಮೇಲೆ 45 ಎಂದು ಬರೆದಿದ್ದರೆ ಅದು 28 ಇಂಚಿನ ಎಳೆತಕ್ಕೆ. ನಮ್ಮಲ್ಲಿ ಹಲವರು ಎಳೆಯುವುದು 26 ಅಥವಾ 27 ಇಂಚು. ಇಂಚಿಗೆ ಎರಡರಿಂದ ಮೂರು ಪೌಂಡ್ ಕಡಿಮೆಯಾಗುತ್ತಾ ಹೋಗುತ್ತದೆ. ಆಗ ನಿಮ್ಮ ಕೈಯಲ್ಲಿರುವುದು 40 ಪೌಂಡಿನ ಬಿಲ್ಲು. ಬಿಲ್ಲಿನ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ, ನೀವು ನಿಜಕ್ಕೂ ಎಳೆಯುವಷ್ಟೇ ಎಳೆದು ಓದಿ. ಮುಂದಿನ ಲೆಕ್ಕವೆಲ್ಲ ಈ ಅಂಕಿಯ ಮೇಲೆ.

ಬ್ರೇಸ್ ಹೈಟ್, ಅಂದರೆ ಹೆದೆಯಿಂದ ಹಿಡಿಯವರೆಗಿನ ದೂರ, ಬಿಲ್ಲು ತಯಾರಿಸಿದವರು ಹೇಳಿದ ಮಿತಿಯೊಳಗೆ ಇರಲಿ. ಬಾಣ ಕಚ್ಚುವ ಜಾಗದ ಗುರುತನ್ನು ಹೆದೆಯ ಮೇಲೆ, ಬಿಲ್ಲಿನಲ್ಲಿ ಬಾಣ ಕೂರುವ ಜಾಗದ ಮಟ್ಟಕ್ಕಿಂತ ಅರ್ಧ ಇಂಚು ಮೇಲೆ ಕಟ್ಟಿ. ಹೆದೆ ಸ್ವಲ್ಪ ಹಿಗ್ಗುವ ಡೇಕ್ರಾನ್ ನೂಲಿನದೋ, ಹಿಗ್ಗದ ಹೊಸ ನೂಲಿನದೋ ಎಂದು ಬರೆದಿಟ್ಟುಕೊಳ್ಳಿ. ಹಿಗ್ಗದ ಹೆದೆ ಬಾಣಕ್ಕೆ ಹೆಚ್ಚು ಶಕ್ತಿ ದಾಟಿಸುತ್ತದೆ, ಅದೇ ಬಾಣ ಹೆಚ್ಚು ಬಳುಕುತ್ತದೆ. ಮುಂದೆ ಮೊನೆಯ ತೂಕ ಬದಲಿಸಿ ಪರೀಕ್ಷೆ ಮಾಡುವಾಗ ಇವು ಯಾವುದನ್ನೂ ಮುಟ್ಟಬೇಡಿ. ಒಂದೇ ಸಲಕ್ಕೆ ಎರಡು ಬದಲಾಯಿಸಿದರೆ ಯಾವುದರಿಂದ ಏನಾಯಿತು ಅನ್ನುವುದು ದೇವರಿಗೂ ಗೊತ್ತಾಗುವುದಿಲ್ಲ.

ಹೆಜ್ಜೆ 3: ಭಾರದ ಮೊನೆ ಬಾಣವನ್ನು ಯಾಕೆ ಬಳುಕಿಸುತ್ತದೆ

ಮಲೆನಾಡಿನವರಿಗೆ ಇದನ್ನು ಹೇಳಲು ನನಗೆ ದೋಟಿಯೇ ಸಾಕು. ಬರಿ ಬಿದಿರನ್ನು ಎತ್ತಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ತುದಿಗೆ ಕತ್ತಿ ಕಟ್ಟಿ ಎತ್ತಿದರೆ ತೂಗಾಡುತ್ತದೆ. ಕತ್ತಿ ದೊಡ್ಡದಾದಷ್ಟೂ ತೂಗಾಟ ಹೆಚ್ಚು, ಬಿದಿರು ಉದ್ದವಾದಷ್ಟೂ ಹೆಚ್ಚು. ಬಾಣವೂ ಅಷ್ಟೇ. ಹೆದೆ ಹಿಂದಿನಿಂದ ನೂಕುತ್ತದೆ, ಮುಂದಿನ ಮೊನೆ ತನ್ನ ಭಾರಕ್ಕೆ ಕದಲಲು ಸತಾಯಿಸುತ್ತದೆ. ನಡುವೆ ಸಿಕ್ಕಿದ ಕೋಲು ಬಾಗಲೇಬೇಕು.

ಬೆರಳಿನಿಂದ ಹೆದೆ ಬಿಡುವವರಿಗೆ ಇನ್ನೊಂದು ತೊಡಕಿದೆ. ಹೆದೆ ಬೆರಳ ತುದಿಯಿಂದ ಜಾರುವಾಗ ಸ್ವಲ್ಪ ಪಕ್ಕಕ್ಕೆ ಹೊರಳುತ್ತದೆ. ಅಲ್ಲಿಂದ ಬಾಣ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಬಳುಕುತ್ತಾ ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಆಚೆ ಹೋಗುತ್ತದೆ. ಇದನ್ನು ಆರ್ಚರ್ಸ್ ಪ್ಯಾರಡಾಕ್ಸ್ ಎನ್ನುತ್ತಾರೆ. 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಈ ಬಳುಕನ್ನು ಸೆರೆಹಿಡಿದು ತೋರಿಸಿದರು. ಬಳುಕು ಹದವಾಗಿದ್ದರೆ ಬಾಣದ ಬಾಲ ಬಿಲ್ಲಿಗೆ ತಾಗುವುದೇ ಇಲ್ಲ. ಹದ ತಪ್ಪಿದರೆ ನನ್ನ ಮೊದಲ ದಿನದ ಟಕ್ ಸದ್ದು.

ಕೋಲಿನ ಗಡಸುತನಕ್ಕೆ ಸ್ಪೈನ್ ಎಂದು ಹೆಸರು. ಕಾರ್ಬನ್ ಬಾಣವನ್ನು 28 ಇಂಚು ಅಂತರದ ಎರಡು ಆಸರೆಗಳ ಮೇಲಿಟ್ಟು ನಡುವೆ 1.94 ಪೌಂಡ್ ತೂಗುಹಾಕಿದಾಗ ಅರ್ಧ ಇಂಚು ಬಾಗಿದರೆ ಅದು 500 ಸ್ಪೈನ್, 0.4 ಇಂಚು ಬಾಗಿದರೆ 400. ಅಂಕಿ ಕಡಿಮೆಯಾದಷ್ಟೂ ಕೋಲು ಗಡಸು. ಹೊಸಬರು ಇಲ್ಲಿ ತಲೆಕೆಳಗು ಮಾಡಿಕೊಳ್ಳುತ್ತಾರೆ. ಆದರೆ ಇದು ಮೇಜಿನ ಮೇಲಿನ ಅಂಕಿ ಮಾತ್ರ. ಬಿಲ್ಲಿನಿಂದ ಹೊರಟಾಗಿನ ಬಳುಕನ್ನು ತೀರ್ಮಾನಿಸುವುದು ಮೊನೆಯ ತೂಕ, ಕೋಲಿನ ಉದ್ದ, ಎಳೆತ ಮತ್ತು ಬಿಲ್ಲಿನ ಹಿಡಿಯನ್ನು ಎಷ್ಟು ಒಳಕ್ಕೆ ಕೊರೆದಿದ್ದಾರೆ ಎಂಬುದು. ನಡುರೇಖೆಯವರೆಗೆ ಕೊರೆಯದ ಹಳೇ ಮಾದರಿಯ ಲಾಂಗ್‌ಬೋ ಹೆಚ್ಚು ಬಳುಕುವ ಬಾಣ ಕೇಳುತ್ತದೆ. ಒಂದೇ ಎಳೆತದ ಎರಡು ಬಿಲ್ಲುಗಳಿಗೆ ಬೇರೆ ಬೇರೆ ಮೊನೆ ಒಪ್ಪುವುದು ಇದಕ್ಕೇ. ಹಾಗಾಗಿ ಗೆಳೆಯರ ಬಾಣದ ಅಳತೆ ನಕಲು ಮಾಡಿ ಪ್ರಯೋಜನವಿಲ್ಲ.

ಹೆಜ್ಜೆ 4: ಗರಿಯಿಲ್ಲದ ಬಾಣದ ಪರೀಕ್ಷೆ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಒಂದು ವಾರಾಂತ್ಯ ಪೂರ್ತಿ ಎತ್ತಿಡಿ.

ಬೇಕಾದದ್ದು: ಕತ್ತರಿಸದ ಪೂರ್ತಿ ಉದ್ದದ ಕೋಲುಗಳು, ಮೂರಕ್ಕೆ ಗರಿ ಅಂಟಿಸಿರಬೇಕು, ಎರಡು ಬೋಳು. 100ರಿಂದ 300 ಗ್ರೇನಿನವರೆಗೆ ಬಗೆಬಗೆಯ ತೂಕದ, ತಿರುಪಿ ಹಾಕುವ ಅಭ್ಯಾಸದ ಮೊನೆಗಳು. ಇವು ಟೆಸ್ಟ್ ಕಿಟ್ ಎಂದು ಒಟ್ಟಿಗೇ ಸಿಗುತ್ತವೆ. ಮೆತ್ತನೆಯ ಫೋಮ್ ಗುರಿಹಲಗೆ. ಒಂದು ನೋಟ್‌ಬುಕ್.

ಒಂದು ಎಚ್ಚರಿಕೆ. ಬೇಟೆಯ ಅಲಗು ಹಾಕಿದ ಬಾಣವನ್ನು ಗರಿಯಿಲ್ಲದೆ ಎಂದೂ ಬಿಡಬೇಡಿ. ಅಗಲದ ಅಲಗು ಮುಂದೆ ರೆಕ್ಕೆಯಂತೆ ಗಾಳಿ ಹಿಡಿಯುತ್ತದೆ, ಹಿಂದೆ ಗರಿ ಇಲ್ಲದಿದ್ದರೆ ಬಾಣ ಎತ್ತ ತಿರುಗುತ್ತದೆ ಎಂದು ಹೇಳಲಾಗದು.

ಹತ್ತು ಗಜದಿಂದ ಶುರು. ಎಲ್ಲ ಕೋಲುಗಳಿಗೂ 175 ಗ್ರೇನಿನ ಮೊನೆ ಹಾಕಿ. ಗರಿಯ ಬಾಣ ಮೂರನ್ನು ಬಿಡಿ, ಅವು ಒಂದು ಕಡೆ ಗುಂಪಾಗಿ ಬೀಳಬೇಕು. ಆಮೇಲೆ ಬೋಳು ಬಾಣ ಎರಡು. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಓದುವ ಕ್ರಮ ಇದು: ಬೋಳು ಬಾಣ ಗುಂಪಿನ ಎಡಕ್ಕೆ ಬಿದ್ದರೆ ಬಾಣ ತೀರಾ ಗಡಸು, ಬಲಕ್ಕೆ ಬಿದ್ದರೆ ತೀರಾ ಮೆದು. ಎಡಗೈಯವರಿಗೆ ತಿರುವುಮುರುವು. ಗಡಸಾಗಿದ್ದರೆ ಮೊನೆಗೆ 25 ಗ್ರೇನ್ ಏರಿಸಿ, ಮೆದುವಾಗಿದ್ದರೆ 25 ಇಳಿಸಿ. ಮತ್ತೆ ಮೂರು, ಮತ್ತೆ ಎರಡು. ಹತ್ತು ಗಜದಲ್ಲಿ ಎಲ್ಲವೂ ಒಟ್ಟಿಗೆ ಬಿದ್ದ ಮೇಲೆ ಹದಿನೈದಕ್ಕೆ, ಆಮೇಲೆ ಇಪ್ಪತ್ತಕ್ಕೆ ಹಿಂದೆ ಸರಿಯಿರಿ. ಇಪ್ಪತ್ತು ಗಜದಲ್ಲಿ ಬೋಳು ಬಾಣ ಗರಿಯ ಬಾಣದಿಂದ ಅಂಗೈ ಅಗಲದೊಳಗೆ ಬಿದ್ದರೆ ನನ್ನ ಲೆಕ್ಕದಲ್ಲಿ ಪಾಸು. ಕೂದಲು ಸೀಳುವವರು ಇನ್ನೂ ಮುಂದಕ್ಕೆ ಹೋಗಬಹುದು.

ಬೋಳು ಬಾಣ ಮೇಲೆ ಅಥವಾ ಕೆಳಗೆ ಬಿದ್ದರೆ ಅದು ಮೊನೆಯ ತಪ್ಪಲ್ಲ, ಹೆದೆಯ ಮೇಲಿನ ಗುರುತಿನದು. ಬೋಳು ಬಾಣ ಕೆಳಗೆ ಬಿದ್ದರೆ ಗುರುತನ್ನು ಕೂದಲೆಳೆಯಷ್ಟು ಇಳಿಸಿ. ಅದನ್ನು ಮೊದಲು ಸರಿಮಾಡಿ, ಎಡಬಲ ಆಮೇಲೆ.

ಈಗ ಬಹಳ ಜನ ಬೀಳುವ ಹಳ್ಳ. ಬಾಣ ತೀರಾ ಮೆದುವಾಗಿದ್ದರೆ ಬಲಕ್ಕೆ ಹೋಗಬೇಕಲ್ಲವೇ? ಕೆಲವು ಸಲ ಅದು ಬಿಲ್ಲಿನ ಹಿಡಿಗೆ ಬಡಿದು ಪುಟಿದು ಎಡಕ್ಕೆ ಬೀಳುತ್ತದೆ. ನೋಡಿದವರು "ಗಡಸು" ಎಂದು ಓದಿ ಇನ್ನೂ ಭಾರದ ಮೊನೆ ಹಾಕುತ್ತಾರೆ, ಬಾಣ ಇನ್ನೂ ಹದಗೆಡುತ್ತದೆ. ಅನುಮಾನ ಬಂದರೆ ಬಿಲ್ಲಿನ ಹಿಡಿಯ ಪಕ್ಕಕ್ಕೆ ತೆಳುವಾಗಿ ಪೌಡರ್ ಸವರಿ ಒಂದು ಬಾಣ ಬಿಡಿ. ಗೀರು ಬಿದ್ದರೆ ಬಾಣ ತಾಗುತ್ತಿದೆ. ನಾನು ಒಮ್ಮೆ ದೇವರ ಗೂಡಿನ ವಿಭೂತಿಯನ್ನೇ ಬಳಸಿದ್ದೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ಇನ್ನೊಂದು ಉಪಾಯ: ಒಂದೇ ಕೋಲಿಗೆ 100 ಗ್ರೇನ್ ಹಾಕಿ ಬಿಡಿ, ಆಮೇಲೆ 300 ಹಾಕಿ ಬಿಡಿ. ಎರಡು ತುದಿ ಕಣ್ಣಾರೆ ಕಂಡರೆ ನಡುವಿನ ಹದ ಯಾವ ಕಡೆ ಇದೆ ಎಂದು ತಿಳಿಯುತ್ತದೆ.

ಎಲ್ಲ ಮೊನೆ ಹಾಕಿದರೂ ಗಡಸೇ ಉಳಿದರೆ ಕೋಲು ನಿಮ್ಮ ಬಿಲ್ಲಿಗೆ ಜಾಸ್ತಿಯಾಯಿತು. ಮೆದು ಉಳಿದರೆ ಕಾಲು ಕಾಲು ಇಂಚು ಕತ್ತರಿಸುತ್ತಾ ಬನ್ನಿ, ಕೋಲು ಗಿಡ್ಡವಾದಷ್ಟೂ ಗಡಸಾಗುತ್ತದೆ. ಮೊನೆಯನ್ನು ನೂರು ಸಲ ಬದಲಾಯಿಸಬಹುದು, ಕತ್ತರಿಸಿದ ಕೋಲನ್ನು ಉದ್ದ ಮಾಡಲಾಗದು. ಕತ್ತರಿ ಕೊನೆಗಿರಲಿ.

ಸುಸ್ತಾದ ಮೇಲೆ ಈ ಪರೀಕ್ಷೆ ಮಾಡಬೇಡಿ. ಕೈ ಸೋತಾಗ ಬೆರಳು ಹೆದೆಯನ್ನು ಕೀಳುತ್ತದೆ, ಬಾಣ ನಿಮ್ಮ ತಪ್ಪನ್ನು ಹೇಳುತ್ತದೆಯೇ ಹೊರತು ತನ್ನದನ್ನಲ್ಲ. ಇಪ್ಪತ್ತೈದು ಬಾಣ, ಒಂದು ಕಾಫಿ, ಮತ್ತೆ ಇಪ್ಪತ್ತೈದು.

ಹೆಜ್ಜೆ 5: ಒಟ್ಟು ತೂಕ ನೋಡಿ

ಹಾರಾಟ ಸರಿಹೋದ ಮೇಲೆ ಪೂರ್ತಿ ಬಾಣವನ್ನು ತಕ್ಕಡಿಗೆ ಹಾಕಿ. ಸಾಂಪ್ರದಾಯಿಕ ಬಿಲ್ಲಿನ ಬೇಟೆಗೆ ರೂಢಿಯ ಲೆಕ್ಕ ಎಂದರೆ ಎಳೆತದ ಪ್ರತಿ ಪೌಂಡಿಗೆ 9ರಿಂದ 10 ಗ್ರೇನ್. 45 ಪೌಂಡಿಗೆ 405ರಿಂದ 450. ನಾನು ಸ್ವಲ್ಪ ಮೇಲೆ, 11ರ ಹತ್ತಿರ ಇರಲು ಇಷ್ಟಪಡುತ್ತೇನೆ.

ಭಾರ ಏರಿದರೆ ವೇಗ ಇಳಿಯುತ್ತದೆ, ನಿಜ. ಎಷ್ಟು ಇಳಿಯುತ್ತದೆ ಎಂದು ಕೂತು ಲೆಕ್ಕ ಹಾಕೋಣ. 450 ಗ್ರೇನಿನ ಬಾಣ ಸೆಕೆಂಡಿಗೆ 170 ಅಡಿ ಹೋಗುತ್ತದೆ, ಅದೇ ಬಿಲ್ಲಿನಿಂದ 550 ಗ್ರೇನಿನದು 158 ಅಡಿ ಹೋಗುತ್ತದೆ ಅಂದುಕೊಳ್ಳಿ. ಚಲನಶಕ್ತಿ ಮೊದಲನೆಯದಕ್ಕೆ ಸುಮಾರು 39 ಜೂಲ್, ಎರಡನೆಯದಕ್ಕೆ 41. ಸಂವೇಗ, ಅಂದರೆ ಶಾಲೆಯಲ್ಲಿ ಕಲಿತ ದ್ರವ್ಯರಾಶಿ ಇಂಟು ವೇಗ, 1.51ರಿಂದ 1.72ಕ್ಕೆ ಏರುತ್ತದೆ, ಸುಮಾರು ನೂರಕ್ಕೆ ಹದಿನಾಲ್ಕು ಪಾಲು ಜಾಸ್ತಿ. ಹಗುರ ಬಾಣ ಹೊರಟು ಹೋದಾಗ ಬಿಲ್ಲಿನ ತೋಳುಗಳಲ್ಲೇ ಉಳಿದು ನಡುಕವಾಗಿ, ಸದ್ದಾಗಿ ಕಳೆದುಹೋಗುವ ಶಕ್ತಿಯಲ್ಲಿ ಒಂದಿಷ್ಟನ್ನು ಭಾರದ ಬಾಣ ಹೊತ್ತುಕೊಂಡು ಹೋಗುತ್ತದೆ. ಅದಕ್ಕೇ ಭಾರದ ಬಾಣ ಹಾಕಿದ ಬಿಲ್ಲು ಮೆಲ್ಲಗೆ ನುಡಿಯುತ್ತದೆ.

ಇದಕ್ಕೆ ತೆರುವ ಬೆಲೆ? ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಇಪ್ಪತ್ತು ಗಜ ತಲುಪುವಷ್ಟರಲ್ಲಿ ಮೊದಲ ಬಾಣ ಸುಮಾರು 61 ಸೆಂಟಿಮೀಟರ್ ಕೆಳಗಿಳಿದಿರುತ್ತದೆ, ಎರಡನೆಯದು 71. ವ್ಯತ್ಯಾಸ ಹತ್ತು ಸೆಂಟಿಮೀಟರ್. ಒಂದು ತಿಂಗಳ ಅಭ್ಯಾಸದಲ್ಲಿ ಕಣ್ಣು ಅದನ್ನು ನುಂಗಿಕೊಳ್ಳುತ್ತದೆ. ಇಪ್ಪತ್ತೈದು, ಮೂವತ್ತು ಗಜಕ್ಕೆ ಹೋದರೆ ಈ ಅಂತರ ಬೇಗ ಬೆಳೆಯುತ್ತದೆ. ಅಷ್ಟು ದೂರದಿಂದ ನಾನಂತೂ ಬಿಡುವುದಿಲ್ಲ.

"ವೇಗ ಹೆಚ್ಚಿದ್ದರೆ ಜಿಂಕೆ ಬೆಚ್ಚುವ ಮೊದಲೇ ಬಾಣ ತಲುಪುತ್ತದೆ" ಎನ್ನುವವರಿಗೂ ಒಂದು ಲೆಕ್ಕ. ಇಪ್ಪತ್ತು ಗಜವನ್ನು ಸದ್ದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿನಲ್ಲಿ ದಾಟುತ್ತದೆ. ಬಾಣಕ್ಕೆ ಸೆಕೆಂಡಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೇಕು. ನಮ್ಮ ಬಿಲ್ಲುಗಳಿಂದ ಯಾವ ಮೊನೆ ಹಾಕಿದರೂ ಸದ್ದನ್ನು ಹಿಂದೆ ಹಾಕಲಾಗದು. ಹನ್ನೆರಡು ಅಡಿ ವೇಗಕ್ಕೆ ಹೊಡೆದಾಡುವ ಬದಲು ಬಿಲ್ಲಿನ ಸದ್ದು ತಗ್ಗಿಸುವುದು ಜಾಣತನ.

ಹೆಜ್ಜೆ 6: ತೂಕ ಮುಂದೆ ಎಷ್ಟಿದೆ?

ಒಟ್ಟು ತೂಕ ಒಂದೇ ಇದ್ದರೂ ಅದು ಎಲ್ಲಿ ಕೂತಿದೆ ಎನ್ನುವುದು ಬೇರೆ ಪ್ರಶ್ನೆ. ಇದನ್ನು ಎಫ್‌ಒಸಿ (ಫ್ರಂಟ್ ಆಫ್ ಸೆಂಟರ್) ಎನ್ನುತ್ತಾರೆ. ಅಳೆಯುವುದು ಸುಲಭ. ಪೂರ್ತಿ ಸಜ್ಜಾದ ಬಾಣವನ್ನು ಚಾಕುವಿನ ಬೆನ್ನ ಮೇಲೆ ತೂಗಿಸಿ, ಸಮತೋಲದ ಜಾಗ ಗುರುತಿಸಿ. ನಾಕ್‌ನ, ಅಂದರೆ ಹೆದೆಗೆ ಸಿಕ್ಕಿಸುವ ಹಿಂತುದಿಯ, ಸೀಳಿನ ಬುಡದಿಂದ ಆ ಗುರುತಿಗೆ ಎಷ್ಟು ಇಂಚು ಎಂದು ಅಳೆಯಿರಿ. ಅದರಿಂದ ಕೋಲಿನ ಅರ್ಧ ಉದ್ದ ಕಳೆಯಿರಿ, ಉಳಿದದ್ದನ್ನು ಪೂರ್ತಿ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ. ಉದ್ದ ಎಂದರೆ ಸೀಳಿನ ಬುಡದಿಂದ ಕೋಲಿನ ತುದಿಯವರೆಗೆ, ಮೊನೆ ಬಿಟ್ಟು.

ನನ್ನ ಕಾಗದದ ಮೇಲಿನ ಲೆಕ್ಕ: 29 ಇಂಚಿನ ಕೋಲು, ಇಂಚಿಗೆ 8.5 ಗ್ರೇನ್, 20 ಗ್ರೇನಿನ ಇನ್ಸರ್ಟ್ (ಮೊನೆ ತಿರುಪಲು ಕೋಲಿನ ತುದಿಯೊಳಗೆ ಕೂರಿಸುವ ತುಂಡು), ನಾಕ್ ಮತ್ತು ಗರಿ ಸೇರಿ 20. ಮೊನೆ 125 ಹಾಕಿದರೆ ಬಾಣ 411 ಗ್ರೇನ್, ಎಫ್‌ಒಸಿ ಸುಮಾರು 16. ಮೊನೆ 175 ಆದರೆ 461 ಗ್ರೇನ್, ಸುಮಾರು 20. ಮೊನೆ 250 ಆದರೆ 536 ಗ್ರೇನ್, ಸುಮಾರು 24. ನೋಡಿ, ಒಂದು ಪವನು ತೂಕ ಮುಂದೆ ಹೋಗಿದ್ದಕ್ಕೆ ಇಡೀ ಬಾಣದ ಸ್ವಭಾವವೇ ಬದಲಾಯಿತು. ಅಭ್ಯಾಸದ ಬಾಣಗಳಿಗೆ 10ರಿಂದ 15 ಸಾಕು ಎನ್ನುತ್ತಾರೆ. 19 ದಾಟಿದರೆ ಅದು ಮುಂಭಾರದ ಬಾಣ.

ಮುಂಭಾರದಿಂದ ಏನು ಲಾಭ? ಹಾರುವಾಗ ಗರಿಗೂ ಸಮತೋಲದ ಬಿಂದುವಿಗೂ ನಡುವೆ ದೂರ ಹೆಚ್ಚುತ್ತದೆ, ಉದ್ದ ಹಿಡಿಯ ಹಾರೆಯಂತೆ ಗರಿಗೆ ಬಲ ಸಿಗುತ್ತದೆ. ಅದೇ ಗರಿ ಬಾಣವನ್ನು ಬೇಗ ನೇರ ಮಾಡುತ್ತದೆ. ನಾಟಿದ ಮೇಲೆ ಭಾರದ ಮೊನೆ ಹಿಂದಿನ ಕೋಲನ್ನು ಎಳೆದುಕೊಂಡು ಹೋಗುತ್ತದೆ. ಭಾರ ಹಿಂದಿದ್ದರೆ ಮೊನೆ ತಡೆದಾಗ ಹಿಂಭಾಗ ನೂಕಿ ಕೋಲು ಬಗ್ಗುತ್ತದೆ, ಬಗ್ಗಿದ ಕೋಲು ಗಾಯದ ಅಂಚಿಗೆ ಉಜ್ಜಿ ಶಕ್ತಿ ಕಳೆದುಕೊಳ್ಳುತ್ತದೆ. ಇದೇನೂ ಹೊಸ ಜ್ಞಾನವಲ್ಲ. 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಒಬ್ಬನೇ ಹೊರಬಂದ ಯಾಹಿ ಬುಡಕಟ್ಟಿನ ಇಶಿ, ಹಗುರ ಕೋಲಿನ ಮುಂದೆ ಭಾರದ ಗಟ್ಟಿ ಮರದ ತುಂಡು ಜೋಡಿಸಿ ಪ್ರಾಣಿಯ ನರದಿಂದ ಬಿಗಿಯುವುದನ್ನು ಬಲ್ಲವನಾಗಿದ್ದ. ಅವನಿಂದ ಬಿಲ್ಲುವಿದ್ಯೆ ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವರಿಂದಲೇ ಇಂದಿನ ಅಮೆರಿಕದ ಬಿಲ್ಲು ಬೇಟೆಯ ಪರಂಪರೆ ಬೆಳೆದದ್ದು.

ಈ ವಿಷಯ ಎತ್ತಿದರೆ ಡಾ. ಎಡ್ ಆಶ್ಬಿ ಹೆಸರು ಬರದೇ ಇರುವುದಿಲ್ಲ. 1980ರ ದಶಕದಿಂದ ಆಫ್ರಿಕಾ ಮತ್ತು ಆಸ್ಟ್ರೇಲಿಯಾದಲ್ಲಿ ದೊಡ್ಡ ಪ್ರಾಣಿಗಳ ದೇಹದ ಮೇಲೆ ಬಾಣ ಬಿಟ್ಟು, ಎಷ್ಟು ಆಳ ಹೋಯಿತು, ಎಲ್ಲಿ ಮುರಿಯಿತು ಎಂದು ದಾಖಲಿಸಿದವರು. ದಪ್ಪ ಮೂಳೆ ಭೇದಿಸಬೇಕಾದರೆ ಸುಮಾರು 650 ಗ್ರೇನಿನ ಬಾಣ ಬೇಕು ಎಂಬ ಅವರ ಮಾತನ್ನು ಎಲ್ಲರೂ ಉರುಹೊಡೆದಿದ್ದಾರೆ. ಆದರೆ ಅವರ ಪಟ್ಟಿಯಲ್ಲಿ ಮೊದಲ ಸ್ಥಾನ ಬಾಣ ಮುರಿಯದೆ ಉಳಿಯುವುದಕ್ಕೆ, ಎರಡನೆಯದು ಕುಂದಿಲ್ಲದ ಹಾರಾಟಕ್ಕೆ. ಮುಂಭಾರ, ಒಟ್ಟು ತೂಕ ಎಲ್ಲ ಅದರ ನಂತರ. ಅದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಕಾಡೆಮ್ಮೆಗೆ ಬೇಕಾದ ಬಾಣ ಬಿಳಿಬಾಲದ ಜಿಂಕೆಗೆ ಬೇಕಿಲ್ಲ. ಪಕ್ಕೆಲುಬುಗಳ ನಡುವೆ ಶ್ವಾಸಕೋಶಕ್ಕೆ ಇಡುವ ಗುರಿಗೆ, 45 ಪೌಂಡಿನ ಬಿಲ್ಲಿನಿಂದ ನೇರ ಹಾರುವ 450ರಿಂದ 550 ಗ್ರೇನಿನ ಬಾಣ, ಚೂಪಾದ ಅಲಗು, ಇಷ್ಟಿದ್ದರೆ ಸಾಕು ಎನ್ನುವುದು ನನ್ನ ಅಭಿಪ್ರಾಯ. ಅದೇ ಬಿಲ್ಲಿಗೆ 650 ಹಾಕಿದರೆ ಪೌಂಡಿಗೆ 14 ಗ್ರೇನ್ ದಾಟುತ್ತದೆ, ಬಾಣ ಇಪ್ಪತ್ತು ಗಜದಲ್ಲಿ ಕಲ್ಲಿನಂತೆ ಬೀಳುತ್ತದೆ.

ಮುಂಭಾರ ಬೇಕೇ ಬೇಕು ಎನ್ನುವವರು ಕೋಲನ್ನೂ ಬದಲಾಯಿಸಿ. 45 ಪೌಂಡಿಗೆ 250 ಗ್ರೇನಿನ ಮೊನೆ ಹಾಕುವುದಾದರೆ 400 ಸ್ಪೈನಿನ ಉದ್ದ ಕೋಲಿನಿಂದ ಪ್ರಯತ್ನ ಶುರುಮಾಡಿ, ಮತ್ತೆ ನಾಲ್ಕನೇ ಹೆಜ್ಜೆಗೆ ಹೋಗಿ. ಮೊನೆಯ ಬದಲು ಹಿತ್ತಾಳೆಯ ಇನ್ಸರ್ಟ್ ಹಾಕಿಯೂ ಮುಂದಿನ ತೂಕ ಏರಿಸಬಹುದು. 100 ಗ್ರೇನಿನ ಇನ್ಸರ್ಟಿಗೆ 150ರ ಅಲಗು ಸೇರಿದರೆ ಅದೂ 250. ಅಲಗಿನ ಆಯ್ಕೆ ಹೆಚ್ಚು ಸಿಗುವುದು ಈ ದಾರಿಯಲ್ಲಿ.

ಮರದ ಬಾಣದವರಿಗೆ ಒಂದು ಮಾತು

ಪೋರ್ಟ್ ಆರ್‌ಫರ್ಡ್ ಸೀಡರ್ ಮರದ ಬಾಣ ಬಿಡುವವರಿಗೆ ತಿರುಪಿನ ಸೌಕರ್ಯವಿಲ್ಲ. ಕೋಲಿನ ತುದಿಯನ್ನು 5 ಡಿಗ್ರಿಗೆ ಹೆರೆದು, ಬಿಸಿ ಅಂಟಿನಿಂದ ಮೊನೆ ಕೂರಿಸಬೇಕು. ಮರದ ಕೋಲೇ ಭಾರ ಇರುವುದರಿಂದ ಎಫ್‌ಒಸಿ ಏರುವುದು ಕಷ್ಟ, ಒಟ್ಟು ತೂಕ ಮಾತ್ರ ಸುಲಭವಾಗಿ ಸಿಗುತ್ತದೆ. ಅದರ ಬಗ್ಗೆ ಕೊರಗಬೇಡಿ. ಡಜನ್ ಕೊಳ್ಳುವಾಗ ಪ್ರತಿ ಕೋಲಿನ ತೂಕ, ಸ್ಪೈನ್ ಹೊಂದಿಸಿದ್ದನ್ನೇ ಕೊಳ್ಳಿ. ಒಂದು ಇಂಚು ಉದ್ದ ಹೆಚ್ಚಾದರೆ ಐದು ಪೌಂಡ್ ಹೆಚ್ಚಿನ ಬಿಲ್ಲಿಗೆ ಆಗುವಷ್ಟು ಗಡಸು ಕೋಲು ಬೇಕು ಎಂಬುದು ಮರದವರ ಹಳೇ ಲೆಕ್ಕ, ಅಂದಾಜಿಗೆ ಈಗಲೂ ನಡೆಯುತ್ತದೆ.

ಹೆಜ್ಜೆ 7: ಅಭ್ಯಾಸದ ಮೊನೆಯಿಂದ ಬೇಟೆಯ ಅಲಗಿಗೆ

ಪರೀಕ್ಷೆಯಲ್ಲಿ 175 ಒಪ್ಪಿದ್ದರೆ ಅಲಗೂ 175 ಇರಲಿ. ಗರಿ ಅಂಟಿಸಿ, ಅಲಗು ತಿರುಪಿ, ಬಾಣವನ್ನು ಉಗುರಿನ ಮೇಲೆ ಬುಗುರಿಯಂತೆ ತಿರುಗಿಸಿ ನೋಡಿ. ಅಲಗಿನ ತುದಿ ಅಲ್ಲಾಡದೆ ನಿಂತಂತೆ ಕಾಣಬೇಕು. ಅಲ್ಲಾಡಿದರೆ ಇನ್ಸರ್ಟ್ ಓರೆ ಕೂತಿದೆ.

ಈಗ ಇಪ್ಪತ್ತು ಗಜದಿಂದ ಅಭ್ಯಾಸದ ಮೊನೆಯ ಬಾಣ, ಅಲಗಿನ ಬಾಣ ಎರಡನ್ನೂ ಬಿಡಿ. ಒಂದೇ ಕಡೆ ಬಿದ್ದರೆ ಕೆಲಸ ಮುಗಿಯಿತು. ಅಲಗು ಎಡಕ್ಕೆ ಸರಿದರೆ ಗಡಸು, ಬಲಕ್ಕೆ ಸರಿದರೆ ಮೆದು, ಅದೇ ಓದು. ಬೋಳು ಬಾಣ ಮುಚ್ಚಿಟ್ಟ ಸಣ್ಣ ತಪ್ಪನ್ನೂ ಅಲಗು ಬಯಲು ಮಾಡುತ್ತದೆ.

ಆಳ ಬೇಕೆನ್ನುವವರಿಗೆ ಎರಡು ಅಂಚಿನ ಸ್ಥಿರ ಅಲಗು ಒಳ್ಳೆಯದು. ಅಗಲದ ಮೂರು ಪಟ್ಟು ಉದ್ದವಿರುವ ಅಲಗನ್ನು ಅಮೆರಿಕದ ಹೆಸರಾಂತ ಬಿಲ್ಲುಗಾರ ಹೊವರ್ಡ್ ಹಿಲ್ ಹೇಳುತ್ತಿದ್ದರು. ಇಳಿಜಾರು ಉದ್ದವಾದಷ್ಟೂ ಹತ್ತುವುದು ಹಗುರ ಅನ್ನುವ ತತ್ವವೇ ಅದು. ಬಡಿದಾಗ ಬಿಚ್ಚಿಕೊಳ್ಳುವ ಯಾಂತ್ರಿಕ ಅಲಗುಗಳನ್ನು ನಮ್ಮ ಕಡಿಮೆ ಶಕ್ತಿಯ ಬಿಲ್ಲಿಗೆ ಹಾಕಬೇಡಿ, ಬಿಚ್ಚುವುದಕ್ಕೇ ಶಕ್ತಿ ಖರ್ಚಾಗುತ್ತದೆ. ಮಿಶಿಗನ್ ನಿಯಮದಂತೆ ಜಿಂಕೆಗೆ ಬಳಸುವ ಅಲಗು ಕನಿಷ್ಠ ಎಂಟನೇ ಏಳು ಇಂಚು ಅಗಲವಿರಬೇಕು. ನಿಮ್ಮ ರಾಜ್ಯದ ನಿಯಮಪುಸ್ತಕ ಪ್ರತಿವರ್ಷ ಓದಿ.

ಹರಿತ ಮಾಡುವುದನ್ನು ಯಾವ ಗ್ರೇನ್ ಲೆಕ್ಕವೂ ತುಂಬಿಕೊಡುವುದಿಲ್ಲ. ಅಲಗು ಕ್ಷೌರದ ಬ್ಲೇಡಿನಂತೆ ಮುಂಗೈಯ ರೋಮ ಬೋಳಿಸಬೇಕು. ಅಭ್ಯಾಸಕ್ಕೆ ಫೋಮಿಗೆ ಹೊಡೆದ ಅಲಗು ಮೊಂಡಾಗಿರುತ್ತದೆ, ಮತ್ತೆ ಮಸೆಯದೆ ಬತ್ತಳಿಕೆಗೆ ಹಾಕಬೇಡಿ.

ಹೆಜ್ಜೆ 8: ಕಾಡಿನಲ್ಲಿ

ನಿಮ್ಮ ದೂರ ಯಾವುದು ಎಂದು ಹಿತ್ತಲಲ್ಲೇ ತೀರ್ಮಾನವಾಗಲಿ. ಬೆಳಗ್ಗೆ ಎದ್ದು, ತಣ್ಣಗಿನ ಕೈಯಲ್ಲಿ ಬಿಟ್ಟ ಮೊದಲ ಬಾಣ ಒಂದು ಊಟದ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ದೂರ. ನನ್ನದು ಹದಿನೆಂಟು ಗಜ. ಜಿಂಕೆ ಪೂರ್ತಿ ಅಡ್ಡ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆ ಮುಖಮಾಡಿರಬೇಕು. ಎದುರು ಮುಖ ಮಾಡಿ ನಿಂತದ್ದಕ್ಕೆ, ಭುಜದ ಮೂಳೆ ಅಡ್ಡ ಬರುವಂತೆ ನಿಂತದ್ದಕ್ಕೆ ಬಿಡಬೇಡಿ. ಅಲ್ಲಿ ನಿಮ್ಮ ಮೊನೆಯ ತೂಕವನ್ನು ಪರೀಕ್ಷಿಸುವ ಆಸೆ ಬೇಡ, ಗಾಯಗೊಂಡು ಓಡುವುದು ಇನ್ನೊಂದು ಜೀವ.

ಬಾಣ ನಾಟಿದ ಮೇಲೆ ಕನಿಷ್ಠ ಅರ್ಧ ಗಂಟೆ ಕೂತಲ್ಲೇ ಕೂರಿ. ಆಮೇಲೆ ಇಳಿದು ಮೊದಲು ಬಾಣ ಹುಡುಕಿ. ನಸುಗೆಂಪು, ನೊರೆ ನೊರೆ ರಕ್ತವಿದ್ದರೆ ಶ್ವಾಸಕೋಶ, ಜಾಡು ಹಿಡಿದು ಹೊರಡಬಹುದು. ಕಪ್ಪುಗೆಂಪು ಇದ್ದರೆ ಪಿತ್ತಜನಕಾಂಗ, ಕೆಲವು ಗಂಟೆ ಬಿಡಿ. ಹಸಿರು ಅಂಟು, ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ ತಾಗಿದೆ, ಇನ್ನೂ ಹೆಚ್ಚು ಹೊತ್ತು ಕಾಯಬೇಕು, ಜೊತೆಗೆ ಅನುಭವಿಗಳನ್ನು ಕರೆಯಿರಿ.

ಸಿಕ್ಕಿದ ಬಾಣವನ್ನು ತೊಳೆದು ಹಾಗೇ ಹೆದೆಗೆ ಹೂಡಬೇಡಿ. ಕಾರ್ಬನ್ ಕೋಲನ್ನು ಎರಡು ಕೈಯಲ್ಲಿ ಹಿಡಿದು, ಮೆಲ್ಲಗೆ ಬಗ್ಗಿಸುತ್ತಾ ಸುತ್ತಲೂ ತಿರುಗಿಸಿ, ಕಿವಿಯ ಹತ್ತಿರ ತಂದು ಕೇಳಿ. ಚಿಟಿಚಿಟಿ ಸದ್ದು ಬಂದರೆ ಒಳಗೆ ಬಿರುಕು ಬಿಟ್ಟಿದೆ. ಮೊನೆ ಬಿಚ್ಚಿ ತೂಕ ನೋಡಿ ಡಬ್ಬಿಗೆ ಹಾಕಿ, ಕೋಲನ್ನು ಎರಡು ತುಂಡು ಮಾಡಿ ಕಸಕ್ಕೆ ಎಸೆಯಿರಿ.